ವೈರಿ ಕೊಟ್ಟ ದುಡ್ಡು

ಟೀ ಸೋಸುತ್ತಿದ್ದ ಗುಂಡಣ್ಣ ಕೇಳಿದ: "ಮೇಷ್ಟ್ರೇ, ಗೂಗಲ್‌ಗೂ ಆ್ಯಪಲ್‌ಗೂ ಜಿದ್ದಾಜಿದ್ದಿಯಂತೆ?"

"ಭಾರೀ ಪೈಪೋಟಿ! ಐಫೋನ್‌ನಲ್ಲಿ ಹುಡುಕೋಕೆ ತನ್ನನ್ನೇ ಇಟ್ಕೊಳ್ಳಲಿ ಅಂತ 2022ರಲ್ಲಿ ಗೂಗಲ್ ಆ್ಯಪಲ್‌ಗೆ ಕೊಟ್ಟದ್ದು 2,000 ಕೋಟಿ ಡಾಲರ್."

"ಇಂಥ ಜಗಳ ಊರಿಗೊಂದು ಇರಲಿ!"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "1997ರಲ್ಲಿ ಆ್ಯಪಲ್ ಮುಳುಗೋ ಸ್ಥಿತಿ. ಆಗ 15 ಕೋಟಿ ಡಾಲರ್ ಹಾಕಿದ್ದು ಯಾರು? ಬದ್ಧ ವೈರಿ ಮೈಕ್ರೋಸಾಫ್ಟ್!"

"ವಿಂಡೋಸ್‌ನೋರಲ್ವಾ? ಕಿಟಕಿಯಿಂದ್ಲೇ ತೂರಿರ್ತಾರೆ ಬಿಡಿ. ಯಾಹೂಗೆ ಯಾರೂ ಕೊಡಲಿಲ್ವಾ?"

"2008ರಲ್ಲಿ ಇದೇ ಮೈಕ್ರೋಸಾಫ್ಟ್ 4,460 ಕೋಟಿ ಡಾಲರ್‌ಗೆ ಕೇಳ್ತು. ಕಡಿಮೆಯಾಯ್ತು ಅಂತ ಯಾಹೂ ಒಲ್ಲೆ ಅಂತು. 2017ರಲ್ಲಿ ಅದರ ಮುಖ್ಯ ವ್ಯವಹಾರ ವೆರೈಝನ್‌ಗೆ ಹೋಗಿದ್ದು ಸುಮಾರು 448 ಕೋಟಿಗೆ."

"ಸ್ವಾಭಿಮಾನ ಅಂದ್ರೆ ಅದು! ಒಂದು ಸೊನ್ನೆ ಬಿಟ್ರೂ ಮಾತು ಬಿಡಲಿಲ್ಲ."

"ಇಂಟೆಲ್ ಕಥೆ ಕೇಳು. 2024ರ ನವೆಂಬರ್‌ನಲ್ಲಿ ಡೌ ಜೋನ್ಸ್ ಸೂಚ್ಯಂಕದಲ್ಲಿ ಅದರ ಜಾಗ ಎನ್‌ವಿಡಿಯಾ ಪಾಲಾಯ್ತು. ಮರುವರ್ಷ ಅದೇ ಎನ್‌ವಿಡಿಯಾ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡ್ತೀನಿ ಅಂತು."

"ಕುರ್ಚಿ ಕಿತ್ಕೊಂಡು ಚಾಪೆ ಹಾಸಿಕೊಟ್ಟಂಗೆ!"

ಮೇಷ್ಟ್ರು ಲೋಟ ಇಟ್ಟು, "ಲೆಕ್ಕಕ್ಕೆ ಬರ್ಕೋ" ಎಂದರು.

"ಸ್ನೇಹಿತರಿಗೆ ಸಾಲ ಇಲ್ಲ ಮೇಷ್ಟ್ರೇ. ಬೇಕಿದ್ರೆ ಎದುರಿಗೊಂದು ಟೀ ಅಂಗಡಿ ಹಾಕಿ, ದುಡ್ಡು ನಾನೇ ಕೊಡ್ತೀನಿ."