ಸಿಡಿ ಭಾವ

ಮದುವೆ ಸಿಡಿ ಓಡುತ್ತಿಲ್ಲ ಎಂದು ಯಾವ ಮನೆಯಿಂದ ಫೋನು ಹೋದರೂ ಸಿಡಿ ಭಾವನವರ ಉತ್ತರ ಒಂದೇ: "ಯಾರೂ ಏನೂ ಮುಟ್ಟಬೇಡಿ, ಬಂದೆ." ಅವರು ಬರುವಷ್ಟರಲ್ಲಿ ಎಲ್ಲರೂ ಎಲ್ಲವನ್ನೂ ಮುಟ್ಟಿ ಮುಗಿಸಿರುತ್ತಾರೆ. ಅತ್ತೆ ಡಿಸ್ಕನ್ನು ಸೆರಗಿನಿಂದ ಗುಂಡಗೆ ತಿಕ್ಕಿರುತ್ತಾರೆ. ಭಾಮೈದ ಡ್ರೈವನ್ನು ಹೊರಗೆಳೆದು ಒಳತಳ್ಳಿ ಸುಸ್ತಾಗಿರುತ್ತಾನೆ.

ಭಾವ ಡಿಸ್ಕಿನ ಅಂಚು ಹಿಡಿದು, ಟ್ಯೂಬ್‌ಲೈಟಿಗೆ ಒಡ್ಡಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. "ಗುಂಡಗೆ ತಿಕ್ಕಬಾರದು ಅತ್ತೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು." ಮಾತು ಸರಿಯೇ. ಅಡ್ಡಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಮಾಹಿತಿಯನ್ನು ಕೆಡಿಸುತ್ತದೆ, ಡ್ರೈವ್ ಅದನ್ನು ಸರಿಪಡಿಸಿಕೊಳ್ಳಬಲ್ಲದು. ಸುತ್ತಿನುದ್ದಕ್ಕೂ ಬಿದ್ದ ಗೀರು ಸಾಲು ಸಾಲನ್ನೇ ನುಂಗುತ್ತದೆ. ಇಷ್ಟು ಹೇಳಿ ಭಾವ ಡಿಸ್ಕ್ ಒರೆಸುವುದು ತಮ್ಮ ಬನಿಯನ್ನಿನ ತುದಿಯಿಂದ.

ಆಮೇಲೆ ತಿದ್ದುಪಡಿ. "ಮೊದಲನೇದಾಗಿ ಇದು ಸಿಡಿ ಅಲ್ಲ, ಡಿವಿಡಿ." ಸಿಡಿಗೆ 700 ಎಂಬಿ, ಇದಕ್ಕೆ 4.7 ಜಿಬಿ, ಅದನ್ನು ಓದುವ ಲೇಸರ್ 780 ನ್ಯಾನೋಮೀಟರ್, ಇದನ್ನು ಓದುವುದು 650, ಆದ್ದರಿಂದ ಹಳೇ ಸಿಡಿ ಡ್ರೈವಿಗೆ ಇದು ದಕ್ಕುವುದಿಲ್ಲ. ಎದುರಿಗಿರುವ ಡ್ರೈವಿನ ಮೇಲೆ ಡಿವಿಡಿ ಎಂದೇ ಬರೆದಿದೆ. ಆದರೂ ಕಾಫಿ ಬರುವವರೆಗೆ ವಿವರಣೆ ನಿಲ್ಲುವುದಿಲ್ಲ.

ಕಾಫಿ ಆದ ಮೇಲೆ ಮಾತ್ರ ಅವರು ನಿಜಕ್ಕೂ ಬುದ್ಧಿವಂತರಾಗುತ್ತಾರೆ.

2012ರಲ್ಲಿ ಬಂದ ವಿಂಡೋಸ್ 8ರಿಂದಾಚೆಗೆ ವಿಂಡೋಸ್ ಮೀಡಿಯಾ ಪ್ಲೇಯರ್ ತಾನಾಗಿ ಡಿವಿಡಿ ಓಡಿಸುವುದಿಲ್ಲ ಎಂಬುದು ಅವರಿಗೆ ಗೊತ್ತು. ತಕ್ಷಣ ವಿಎಲ್‌ಸಿ ಇಳಿಸುತ್ತಾರೆ. ಪ್ಯಾರಿಸ್ಸಿನ ಕಾಲೇಜು ಹುಡುಗರು 1996ರಲ್ಲಿ ಹಿಡಿದ ಕೆಲಸದಿಂದ ಬೆಳೆದ ತಂತ್ರಾಂಶ ಅದು. ರಸ್ತೆಯ ಕಿತ್ತಳೆ ಶಂಕುವಿನ ಆ ಗುರುತನ್ನು ಭಾವ ತೋರಿಸುವ ಠೀವಿ ನೋಡಿದರೆ, ಆ ಹುಡುಗರಿಗೆ ಫೀಸು ಕಟ್ಟಿದವರು ಇವರೇ ಅನ್ನಿಸಬೇಕು.

ಅವರ ಬತ್ತಳಿಕೆಯಲ್ಲಿ ಹಳೆಯ ಕೇಸುಗಳು ಬೇಕಾದಷ್ಟಿವೆ. ಒಬ್ಬ ನಾಮಕರಣದ ಸಿನಿಮಾ ಅಂದುಕೊಂಡು ಮೂವಿ ಮೇಕರಿನ ಪ್ರಾಜೆಕ್ಟ್ ಫೈಲನ್ನಷ್ಟೇ ಬರ್ನ್ ಮಾಡಿದ್ದ. ಅದರಲ್ಲಿ ಯಾವ ತುಣುಕಿನ ಹಿಂದೆ ಯಾವುದು ಎಂಬ ಟಿಪ್ಪಣಿ ಇತ್ತೇ ಹೊರತು ಮಗು ಇರಲಿಲ್ಲ. ಇನ್ನೊಂದು ಮನೆಯಲ್ಲಿ ಕ್ಯಾಮ್‌ಕಾರ್ಡರಿನ ಎಂಟು ಸೆಂಟಿಮೀಟರ್ ಡಿಸ್ಕು. ಕ್ಯಾಮರಾದಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು, ಫೈನಲೈಸ್ ಮಾಡದ್ದರಿಂದ ಕಂಪ್ಯೂಟರಿಗೆ ಖಾಲಿಯಾಗಿ ಕಂಡಿತು. "ಖಾಲಿ ಅಂತಿದೆ ಭಾವ, ಏನಾದ್ರೂ ಬರೆದುಬಿಡ್ಲಾ?" ಎಂದ ಹುಡುಗನ ಕೈಯಿಂದ ಮೌಸು ಕಿತ್ತುಕೊಂಡ ಕಥೆಯನ್ನು ಭಾವ ಈಗಲೂ ಎದ್ದು ನಿಂತೇ ಹೇಳುತ್ತಾರೆ.

ಈ ಸಲ ಹಾಗೇನೂ ಆಗಿಲ್ಲ. ವಿಡಿಯೋ_ಟಿಎಸ್ ಫೋಲ್ಡರಿನೊಳಗೆ ದೃಶ್ಯ ತುಂಬಿದ ವಿಓಬಿ ಫೈಲುಗಳಿವೆ, ದಾರಿ ತೋರುವ ಐಎಫ್‌ಓ ಇದೆ, ಅದರ ನಕಲು ಬಿಯುಪಿಯೂ ಇದೆ. ಭಾಮೈದ ಅಷ್ಟು ಹೊತ್ತೂ ಕ್ಲಿಕ್ಕಿಸಿದ್ದು ಆ ನಕಲನ್ನು. ಭಾವ ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಎಳೆದು, ವಿಎಲ್‌ಸಿಯಲ್ಲಿ ಫೋಲ್ಡರ್ ತೆರೆದು, ಕುರ್ಚಿ ಹಿಂದಕ್ಕೆ ಸರಿಸಿದರು.

ಪರದೆಯ ಮೇಲೆ ವಟು ಬಂದ. ಮದುವೆಯ ಪೆಟ್ಟಿಗೆಯಲ್ಲಿ ಎದುರುಮನೆಯವರ ಉಪನಯನ!

ಭಾವ ಎಜೆಕ್ಟ್ ಒತ್ತಲು ಕೈಚಾಚಿದರು. ಅತ್ತೆ ತಡೆದರು. "ಇರಲಿ ಬಿಡಿ, ಆ ಅಡುಗೆಯವರು ನಮಗೆ ಆಗಲ್ಲ ಅಂದಿದ್ರು. ಅಲ್ಲೇನು ಬಡಿಸಿದಾರೆ ನೋಡೋಣ. ಊಟದ್ದಕ್ಕೆ ಓಡಿಸಿ."