ಕೋಚ್ ಮಹಾಶಯರ ಫಿನ್‌ಲೆಂಡ್ ಸೀಸನ್

ಬೇಸಿಗೆಯಲ್ಲಿ ಫಿನ್‌ಲೆಂಡಿನ ಮಧ್ಯಮ ಗಾತ್ರದ ಊರೊಂದರ ಸೂಪರ್ ಮಾರ್ಕೆಟ್ಟಿಗೆ ಹೋದರೆ ಅವರನ್ನು ಗುರುತಿಸುವುದು ಕಷ್ಟವೇನಲ್ಲ. ಇಡೀ ಅಂಗಡಿಯಲ್ಲಿ ಗಟ್ಟಿಯಾಗಿ ಮಾತಾಡುತ್ತಿರುವವರು ಒಬ್ಬರೇ ಇದ್ದರೆ ಅವರೇ ಇವರು. ಕತ್ತಿನಲ್ಲಿ ಸೀಟಿ, ತಲೆಗೆ ಕ್ಯಾಪು, ಕಂಕುಳಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ. ಹಿಂದೆ ಗಾಡಿ ತಳ್ಳುತ್ತಾ ಹೆಂಡತಿ, ಗಾಡಿಯೊಳಗೊಂದು ಮಗು, ಹೊರಗೊಂದು. ಅಮೆರಿಕದ ಯಾವುದೋ ಕಾಲೇಜಿನಲ್ಲಿ ಸಹಾಯಕರ ಸಹಾಯಕರಾಗಿದ್ದವರು, ಒಂದು ಸೀಸನ್ನಿನ ಮಟ್ಟಿಗೆ ಇಲ್ಲಿನ ಕ್ಲಬ್ಬಿನ ಹೆಡ್ ಕೋಚ್ ಆಗಿ ಸಂಸಾರ ಸಮೇತ ಬಂದಿಳಿದಿದ್ದಾರೆ. ಸಂಬಳದ ವಿಷಯ ಕೇಳಬೇಡಿ. ಫ್ಲಾಟು ಕೊಟ್ಟಿದ್ದಾರೆ, ವಿಮಾನದ ಟಿಕೆಟ್ಟು ಕೊಟ್ಟಿದ್ದಾರೆ, ಓಡಾಡಲು ಹಳೆಯದೊಂದು ಸೈಕಲ್ಲನ್ನೂ ಕೊಟ್ಟಿದ್ದಾರೆ.

ಅವರು ಕಲಿಸುವ ಆಟದ ಹೆಸರು ಫುಟ್‌ಬಾಲ್, ಆದರೆ ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಹನ್ನೊಂದು ಜನ ಹೆಲ್ಮೆಟ್ಟು ಹಾಕಿಕೊಂಡು, ನಾಲ್ಕು ಅವಕಾಶಗಳೊಳಗೆ ಚೆಂಡನ್ನು 10 ಗಜ ಮುಂದೆ ಒಯ್ಯಬೇಕು. ಎದುರಿನ ಹನ್ನೊಂದು ಜನ ಬಿಡಬಾರದು. ಈ ವಿದ್ಯೆಯನ್ನು ಫಿನ್‌ಲೆಂಡಿನ ಕಾಡುಮೇಡಿಗೆ ಮೊದಲು ಹೊತ್ತು ತಂದವರು ತಾವೇ ಎಂಬ ಭಾವ ಮಹಾಶಯರ ನಡಿಗೆಯಲ್ಲಿದೆ. ಇಲ್ಲಿನ ವಾಹ್ತೆರಾಲೀಗ ಎಂಬ ಲೀಗು ಶುರುವಾದದ್ದು 1980ರಲ್ಲಿ. 1985ರಲ್ಲಿ ಇಟಲಿಯಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ನಡೆದಾಗ ಗೆದ್ದವರೂ ಫಿನ್ನರೇ. ಅದನ್ನು ಅವರಿಗೆ ಯಾರೂ ಹೇಳಿಲ್ಲ, ಯಾಕೆಂದರೆ ಅವರು ಕೇಳಿಲ್ಲ. ಕೇಳದ್ದನ್ನು ಹೇಳುವ ಚಟ ಫಿನ್ನರಿಗಿಲ್ಲ.

ಮೊದಲ ಪಂದ್ಯದ ಡ್ರೆಸ್ಸಿಂಗ್ ರೂಮಿನಲ್ಲಿ ಮಹಾಶಯರು ಭಾಷಣಕ್ಕೆ ನಿಲ್ಲುತ್ತಾರೆ. ಪ್ರಚಾರದ ಜೀಪಿನ ಮೈಕಿನಂಥ ಕಂಠ. ರಕ್ತ, ಬೆವರು, ಸಹೋದರತ್ವ, ಇತಿಹಾಸ ಎಲ್ಲವೂ ಬಂದುಹೋಗುತ್ತವೆ. ಕೊನೆಯಲ್ಲಿ ಒಂದು ಲಾಕರಿಗೆ ಗುದ್ದಿ, "ನಾವು ಯಾರು?" ಎಂದು ಗರ್ಜಿಸುತ್ತಾರೆ. ಅಮೆರಿಕದಲ್ಲಾಗಿದ್ದರೆ ಚಾವಣಿ ಹಾರಿಹೋಗುತ್ತಿತ್ತು. ಇಲ್ಲಿ ನಲವತ್ತು ಜನ ತದೇಕಚಿತ್ತರಾಗಿ ಅವರನ್ನೇ ನೋಡುತ್ತಾ ಕೂತಿದ್ದಾರೆ. ನಾವು ಯಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದಕ್ಕೆ ಉತ್ತರ ಯಾಕೆ ಬೇಕು? ಕಡೆಗೆ ಮೂಲೆಯಲ್ಲಿದ್ದ ದೈತ್ಯನೊಬ್ಬ (ಹಗಲು ಹೊತ್ತು ಎಲೆಕ್ಟ್ರಿಷಿಯನ್) ಕೈಯೆತ್ತುತ್ತಾನೆ.

"ಕೋಚ್, ವಾಪಸು ಹೊರಡುವ ಬಸ್ಸು ಆರಕ್ಕಾ, ಆರೂಕಾಲಿಗಾ?"

ಪಂದ್ಯ ಗೆದ್ದರು. ಹೇಳಿಕೊಟ್ಟದ್ದನ್ನು ಒಂದಂಗುಲವೂ ತಪ್ಪದೆ ಮಾಡಿ ಗೆದ್ದರು. ಮಹಾಶಯರು ಕುಣಿದಾಡಿ ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಂಡರು. ಎಲೆಕ್ಟ್ರಿಷಿಯನ್ ಮಾತ್ರ ಹೆಲ್ಮೆಟ್ಟು ತೆಗೆದು, "ಪರವಾಗಿಲ್ಲ, ಚೆನ್ನಾಗೇ ಆಯಿತು" ಎಂದ. ಅದು ಆ ಊರಿನಲ್ಲಿ ಆ ವರ್ಷ ಯಾರಿಗಾದರೂ ಸಿಕ್ಕ ಅತಿ ದೊಡ್ಡ ಹೊಗಳಿಕೆ ಎಂದು ಅವರಿಗೆ ತಿಳಿಯಲು ಆಗಸ್ಟ್ ಬರಬೇಕಾಯಿತು.

ಮಹಾಶಯರ ಪ್ಲೇಬುಕ್ಕಿನಲ್ಲಿ ಎಲ್ಲ ಎದುರಾಳಿಗೂ ಒಂದೊಂದು ಮದ್ದಿದೆ, ಯೂಹಾನ್ನುಸ್ ಒಂದಕ್ಕೆ ಬಿಟ್ಟು. ಅದು ತಂಡದ ಹೆಸರಲ್ಲ, ಹಬ್ಬದ ಹೆಸರು. ಜೂನ್ 20ರಿಂದ 26ರ ನಡುವೆ ಬರುವ ಶನಿವಾರ ನಡುಬೇಸಿಗೆಯ ಹಬ್ಬ. ಹಿಂದಿನ ದಿನವೇ ಪೇಟೆಗೆ ಪೇಟೆಯೇ ಬಾಗಿಲು ಹಾಕಿಕೊಂಡು ಕೆರೆದಂಡೆಯ ಬೇಸಿಗೆ ಮನೆಗಳಿಗೆ ಹೊರಟುಬಿಡುತ್ತದೆ. ದೇಶದಲ್ಲಿ ಅಂಥ ಮನೆಗಳು 5 ಲಕ್ಷಕ್ಕೂ ಹೆಚ್ಚು, ಕೆರೆಸರೋವರಗಳು ಸುಮಾರು 1,88,000. ಯಾರು ಎಲ್ಲಿದ್ದಾರೆಂದು ಹುಡುಕುವುದು ಸಾಧ್ಯವಿಲ್ಲದ ಮಾತು. ಇದನ್ನರಿಯದೆ ಶುಕ್ರವಾರ ಸಂಜೆ ಆರಕ್ಕೆ ಪ್ರಾಕ್ಟೀಸು ಇಟ್ಟ ಮಹಾಶಯರು ಮೈದಾನದಲ್ಲಿ ಒಬ್ಬರೇ ನಿಂತು ಸೀಟಿ ಊದಿದರು. ಸೊಳ್ಳೆಗಳು ಮಾತ್ರ ಸರಿಯಾದ ಸಮಯಕ್ಕೆ ಹಾಜರಾದವು.

ಹಬ್ಬ ಮುಗಿಸಿ ಹುಡುಗರು ಬಂದರು. ಅವರಲ್ಲಿ ಆಟದ ಸೂತ್ರ ಹಿಡಿಯುವ ಕ್ವಾರ್ಟರ್‌ಬ್ಯಾಕ್ ನೀಟಾಗಿ ತಲೆ ಬೋಳಿಸಿಕೊಂಡು ಬಂದಿದ್ದ. "ಕೋಚ್, ಜುಲೈಯಿಂದ ನಾನು ಮಿಲಿಟರಿಗೆ." ಫಿನ್‌ಲೆಂಡಿನಲ್ಲಿ ಗಂಡುಮಕ್ಕಳಿಗೆ ರಾಷ್ಟ್ರಸೇವೆ ಕಡ್ಡಾಯ, ಸೇನೆಗೆ ಸೇರುವುದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ. ಕಡಿಮೆ ಎಂದರೆ 165 ದಿನ. "ಸೀಸನ್ ನಡುವೆಯೇ? ಮೊದಲೇ ಯಾಕೆ ಹೇಳಲಿಲ್ಲ?" ಎಂದು ಮಹಾಶಯರು ತಲೆಗೆ ಕೈ ಹೊತ್ತರು. ಹುಡುಗನಿಗೆ ನಿಜವಾಗಿಯೂ ಆಶ್ಚರ್ಯ. "ನೀವು ಕೇಳಲಿಲ್ಲವಲ್ಲ."

ಸಮಾಧಾನಕ್ಕೆಂದು ಯಾರೋ ಅವರನ್ನು ಪೆಸಾಪಲ್ಲೊ ನೋಡಲು ಕರೆದೊಯ್ದರು. ಲೌರಿ ಪಿಹ್ಕಲ ಎಂಬವರು ಅಮೆರಿಕದ ಬೇಸ್‌ಬಾಲನ್ನು ನೋಡಿ ಬಂದು, ನೂರು ವರ್ಷದ ಹಿಂದೆ ತಮ್ಮವರಿಗೆ ಹೊಂದುವಂತೆ ಕತ್ತರಿಸಿ ಹೊಲಿದ ಆಟ ಅದು. ಚೆಂಡು ಎಸೆಯುವವನು ಬ್ಯಾಟಿನವನ ಪಕ್ಕದಲ್ಲೇ ನಿಂತು ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಎಸೆಯುತ್ತಾನೆ. ಹೊಡೆದವನು ಅಂಕುಡೊಂಕಾಗಿ ಓಡುತ್ತಾನೆ. ಮಹಾಶಯರು ಅರ್ಧ ಆಟಕ್ಕೇ ಎದ್ದರು. ತಮ್ಮ ಫುಟ್‌ಬಾಲಿಗೂ ಈ ಗತಿ ಬಂದೀತೆಂಬ ಹೆದರಿಕೆ.

ಇಷ್ಟರಲ್ಲಿ ಸಂಸಾರ ಕೈಬಿಟ್ಟುಹೋಗಿತ್ತು. ಬಂದ ಹೊಸದರಲ್ಲಿ ಕೆಫೆಯೊಂದರ ಹೊರಗೆ ತಳ್ಳುಗಾಡಿಯಲ್ಲಿ ಮಲಗಿದ್ದ ಕೂಸನ್ನು ಕಂಡು, "ಯಾರೋ ಮಗುವನ್ನು ಬಿಟ್ಟುಹೋಗಿದ್ದಾರೆ, ಪೊಲೀಸರನ್ನು ಕರೆಯಿರಿ!" ಎಂದು ಕೂಗಿದ್ದವರು ಅವರ ಹೆಂಡತಿ. ತಾಯಿ ಒಳಗೆ ಕಾಫಿ ಕುಡಿಯುತ್ತಿದ್ದಾಳೆ, ಮಗು ಹೊರಗಿನ ಗಾಳಿಯಲ್ಲಿ ನಿದ್ದೆ ಮಾಡುತ್ತಿದೆ, ಇಲ್ಲಿ ಹೀಗೇ ಎಂದು ತಿಳಿದ ಮೇಲೆ ಆಕೆ ತಮ್ಮ ಕೂಸನ್ನೂ ಹೊರಗೇ ಮಲಗಿಸಿ ಕಾಫಿಗೆ ಕೂತರು. ಹಿರಿಯವನು ಒಬ್ಬನೇ ಸೈಕಲ್ ತುಳಿದು ಲೈಬ್ರರಿಗೆ ಹೋಗಿ ಬರುತ್ತಾನೆ. ಉಪ್ಪುಪ್ಪಾಗಿ ಕಪ್ಪಗಿರುವ ಸಲ್ಮಿಯಾಕ್ಕಿ ಮಿಠಾಯಿಯನ್ನು ಚಪ್ಪರಿಸುತ್ತಾನೆ. ಅಪ್ಪ ಅದನ್ನು ಬಾಯಿಗಿಟ್ಟು ಕರವಸ್ತ್ರ ಹುಡುಕಿದ್ದರು.

ಆಗಸ್ಟಿನಲ್ಲಿ ಹೆಂಡತಿ ಬಕೆಟ್ಟು ಹಿಡಿದು ಬ್ಲೂಬೆರಿ ಕೀಳಲು ಹೊರಟರೆ ಮಹಾಶಯರು ಕಾಡಿನ ಅಂಚಿನಲ್ಲೇ ನಿಂತುಬಿಟ್ಟರು.

"ಇದು ಯಾರ ಜಾಗ?"

"ಯಾರದ್ದೋ."

"ಅವರು ಬಂದೂಕು ತಂದರೆ?"

"ಬಕೆಟ್ಟು ತರುತ್ತಾರೆ. ಕಾಡು ಯಾರದ್ದಾದರೂ ಹಣ್ಣು ಕೀಳುವ ಹಕ್ಕು ಎಲ್ಲರಿಗೂ ಇದೆ. ನೀನು ಸೀಟಿ ಊದದೆ ಬಾ, ಸಾಕು."

ಇನ್ನು ಸೌನಾ. 55 ಲಕ್ಷಕ್ಕೂ ಹೆಚ್ಚು ಜನರ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳು. 2020ರಲ್ಲಿ ಯುನೆಸ್ಕೋದ ಪಟ್ಟಿಗೂ ಸೇರಿದ ಸಂಸ್ಕೃತಿ. ತಂಡದವರು ಕರೆದಾಗ ಮಹಾಶಯರು ಮೊಣಕಾಲುದ್ದದ ಈಜುಚಡ್ಡಿ ತೊಟ್ಟು ಹೋದರು. ಒಳಗೆ ಹದಿನೈದು ಜನ ಹುಟ್ಟುಡುಗೆಯಲ್ಲಿ ಸಾಲಾಗಿ ಕೂತಿದ್ದಾರೆ. ಚಡ್ಡಿಯಲ್ಲಿರುವವರು ಇವರೊಬ್ಬರೇ, ಹಾಗಾಗಿ ನಾಚಿಕೆಯೂ ಇವರೊಬ್ಬರಿಗೇ. ನಾಯಕತ್ವ ತೋರಲೆಂದು ಎಲ್ಲಕ್ಕೂ ಮೇಲಿನ ಹಲಗೆಯೇರಿದರು. ಎಲೆಕ್ಟ್ರಿಷಿಯನ್ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದ. ಆವಿ ಕಿವಿಗೆ ಬಡಿದದ್ದೇ ಮಹಾಶಯರು ಒಂದು ಹಲಗೆ ಕೆಳಗಿಳಿದರು. ಇನ್ನೊಂದು ಸೌಟು, ಇನ್ನೊಂದು ಹಲಗೆ. ಮೂರನೆಯದಕ್ಕೆ ನೆಲದ ಮೇಲಿದ್ದರು.

ವಿಚಿತ್ರವೆಂದರೆ ಹುಡುಗರು ಅಲ್ಲಿ ಬಾಯಿ ಬಿಟ್ಟರು. ಎದುರಿನ ತಂಡದ ಎಡಗಡೆ ಎಲ್ಲಿ ಸಡಿಲ, ಯಾವ ಪ್ಲೇ ಯಾಕೆ ಕೈಕೊಡುತ್ತಿದೆ, ಎಲ್ಲವನ್ನೂ ಮೆಲುದನಿಯಲ್ಲಿ ಒಬ್ಬರಾದ ಮೇಲೊಬ್ಬರು ಬಿಡಿಸಿಟ್ಟರು. ನೆಲದಲ್ಲಿ ಕೂತ ಮಹಾಶಯರು ಆ ಸೀಸನ್ನಿನಲ್ಲಿ ಮೊದಲ ಸಲ ಬರಿದೆ ಕೇಳಿಸಿಕೊಂಡರು. ಮಾತಾಡಲು ಉಸಿರಿರಲಿಲ್ಲ. ಮುಂದಿನ ಪಂದ್ಯವನ್ನು ಎಡಗಡೆಯಿಂದಲೇ ಗೆದ್ದರು.

ಓದುಗರೇ, ನಿಮಗೆ ಪರಿಚಯದ ಅಮೆರಿಕನ್ ಕೋಚ್ ಯಾರಾದರೂ ಆ ಕಡೆ ಹೊರಟಿದ್ದರೆ ಮೂರು ಮಾತು ಹೇಳಿ ಕಳಿಸಿ: ಕ್ವಾರ್ಟರ್‌ಬ್ಯಾಕಿನ ಮಿಲಿಟರಿ ಸೇವೆ ಮುಗಿದಿದೆಯೇ ಎಂದು ಮೊದಲೇ ಕೇಳಬೇಕು, ಯೂಹಾನ್ನುಸ್ ದಿನ ಪ್ರಾಕ್ಟೀಸು ಇಡಬಾರದು, ತಂಡದ ಮೀಟಿಂಗನ್ನು ಸೌನಾದಲ್ಲೇ ಕರೆಯಬೇಕು. ಮಿಕ್ಕಿದ್ದನ್ನು ಅವರ ಹೆಂಡತಿ ಮಕ್ಕಳು ಹೇಳಿಕೊಡುತ್ತಾರೆ.