ಹುದ್ದೆಯೇ ಇಲ್ಲದ ಅಧಿಕಾರಿಗೊಂದು ಬಹಿರಂಗ ಪತ್ರ

ಗೆ,
ಅರ್ಹತಾ ಪರಿಶೀಲನಾಧಿಕಾರಿಗಳು,
ಅಮೆರಿಕದ ಅಧ್ಯಕ್ಷ ಪದವಿ ವಿಭಾಗ, ವಾಷಿಂಗ್ಟನ್.

ಮಾನ್ಯರೇ,

ನಿಮ್ಮ ಹುದ್ದೆ ಇನ್ನೂ ಮಂಜೂರಾಗಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತ ಹಿರಿಯರು ಅಧ್ಯಕ್ಷನಾಗುವವನಿಗೆ ಮೂರು ಷರತ್ತು ಹಾಕಿದರು: ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು, ವಯಸ್ಸು 35 ತುಂಬಿರಬೇಕು, 14 ವರ್ಷ ದೇಶದಲ್ಲಿ ವಾಸವಿದ್ದಿರಬೇಕು. ಇದನ್ನೆಲ್ಲ ನೋಡಿ ಸಹಿ ಹಾಕುವವರು ಯಾರೆಂದು ಮಾತ್ರ ಬರೆಯಲಿಲ್ಲ. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ನಿಂತರೂ ನಾಮಪತ್ರ ಪರಿಶೀಲನೆಗೆ ಒಂದು ದಿನ, ‘ತಿರಸ್ಕೃತ’ ಎಂದು ಬರೆಯಲು ಒಬ್ಬ ಚುನಾವಣಾಧಿಕಾರಿ ಇರುತ್ತಾರೆ. ಅಷ್ಟು ಸಣ್ಣ ಕೆಲಸ ನಿಮಗೆ ಶೋಭಿಸದು, ಬಿಡಿ.

ನಿಮ್ಮ ಗೈರುಹಾಜರಿಯಲ್ಲಿ ರಾಜ್ಯಗಳೇ ಹೇಗೋ ಸಂಭಾಳಿಸುತ್ತಿವೆ. 2012ರಲ್ಲಿ ಪೀಟಾ ಲಿಂಡ್ಸೆ ಎಂಬ 27ರ ಯುವತಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಕ್ಯಾಲಿಫೋರ್ನಿಯಾ ಅವರ ಹೆಸರು ಕೈಬಿಟ್ಟಿತು. ಬೇರೆ ಕೆಲವು ರಾಜ್ಯಗಳು ಮತಪತ್ರದಲ್ಲಿ ಅಚ್ಚು ಹಾಕಿದವು. ನಿಕರಾಗುವಾದಲ್ಲಿ ಹುಟ್ಟಿದ ರೋಜರ್ ಕಲೆರೊ 2004 ಮತ್ತು 2008ರಲ್ಲಿ ಸ್ಪರ್ಧಿಸಿದರು. ಅವರ ಕೈಲಿದ್ದದ್ದು ಗ್ರೀನ್ ಕಾರ್ಡ್ ಅಷ್ಟೇ. ಆದರೂ ಕೆಲವು ರಾಜ್ಯಗಳ ಮತಪತ್ರದಲ್ಲಿ ಅವರ ಹೆಸರಿತ್ತು. ವರ್ಷಗಟ್ಟಲೆ ಸರತಿಯಲ್ಲಿ ಕಾದು ಅದೇ ಕಾರ್ಡ್ ಪಡೆದ ನಮ್ಮ ಕನ್ನಡಿಗರಿಗೆ ಇಂಥ ಸವಲತ್ತೂ ಇದೆಯೆಂದು ಯಾರೂ ಹೇಳಿದಂತಿಲ್ಲ!

ದೊಡ್ಡವರ ಮಾತು ಬೇರೆ. ಜಾನ್ ಮೆಕೇನ್ ಹುಟ್ಟಿದ್ದು ಪನಾಮಾ ಕಾಲುವೆ ವಲಯದಲ್ಲಿ. 2008ರಲ್ಲಿ ಸೆನೆಟ್ಟೇ ಒಂದು ಗೊತ್ತುವಳಿ ಮಾಡಿ ಅವರು ಅರ್ಹರೆಂದು ಸಾರಿತು. ಆ ಕಾಗದಕ್ಕೆ ಕಾನೂನಿನ ಬಲವಿರಲಿಲ್ಲ, ಒಳ್ಳೆಯತನವಿತ್ತು. ಅದನ್ನು ಅನುಮೋದಿಸಿದ ಸೆನೆಟರ್‌ಗಳಲ್ಲಿ ಬರಾಕ್ ಒಬಾಮ ಕೂಡ ಇದ್ದರು. ಹವಾಯಿಯಲ್ಲಿ ಹುಟ್ಟಿದ ಅವರ ಬೆನ್ನಿಗೇ ಆಮೇಲೆ ‘ನೀನು ಇಲ್ಲಿಯವನಲ್ಲ’ ಎಂಬ ಗುಲ್ಲು ಬಿತ್ತು. ಕೋರ್ಟು ಮೆಟ್ಟಿಲು ಹತ್ತಿದ ಹಲವರಿಗೆ ನ್ಯಾಯಾಧೀಶರು ‘ಇದನ್ನು ಕೇಳಲು ನೀವ್ಯಾರು?’ ಎಂದು ಅರ್ಜಿ ವಾಪಸು ಮಾಡುತ್ತಾ ಹೋದರು. ಕಡೆಗೆ 2011ರ ಏಪ್ರಿಲ್‌ನಲ್ಲಿ ಅಧ್ಯಕ್ಷರೇ ತಮ್ಮ ಪೂರ್ಣ ಜನನ ಪ್ರಮಾಣಪತ್ರ ತೋರಿಸಿದರು. ನಿಮ್ಮ ಕೌಂಟರ್ ತೆರೆದಿದ್ದರೆ ಅರ್ಧ ತಾಸಿನ ಕೆಲಸ.

ಕೊಲರಾಡೊ ಕಥೆ ಇನ್ನೂ ಸ್ವಾರಸ್ಯದ್ದು. ಗಯಾನಾದಲ್ಲಿ ಹುಟ್ಟಿ ಪೌರತ್ವ ಪಡೆದವರೊಬ್ಬರ ಹೆಸರನ್ನು ಆ ರಾಜ್ಯ ಹೊರಗಿಟ್ಟಾಗ, ಅನರ್ಹರನ್ನು ತಡೆಯಲು ರಾಜ್ಯಕ್ಕೆ ಅಧಿಕಾರವಿದೆಯೆಂದು 2012ರಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ನೀಲ್ ಗೋರ್ಸಚ್. ದಂಗೆಯಲ್ಲಿ ತೊಡಗಿದವರಿಗೆ ಪದವಿಯಿಲ್ಲ ಎನ್ನುವ 14ನೇ ತಿದ್ದುಪಡಿಯ ಹೆಸರಲ್ಲಿ ಅದೇ ಕೊಲರಾಡೊ ಡೊನಾಲ್ಡ್ ಟ್ರಂಪ್ ಅವರನ್ನು ಹೊರಗಿಡಲು ಹೋಯಿತು. 2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ಮಂದಿ ಅದಾಗದು ಎಂದರು. ಈ ಷರತ್ತು ಜಾರಿ ಮಾಡುವುದು ರಾಜ್ಯಗಳ ಕೆಲಸವಲ್ಲ, ಕಾಂಗ್ರೆಸ್ಸಿನದು ಎಂದು ಅವರಲ್ಲಿ ಬಹುಮತದವರು ಕಡತ ದಾಟಿಸಿದರು. ಆ ಒಂಬತ್ತರಲ್ಲಿ ಗೋರ್ಸಚ್ ಅವರೂ ಒಬ್ಬರು. ವಯಸ್ಸು, ಹುಟ್ಟು ಬೇರೆ, ದಂಗೆ ಬೇರೆ ಎಂದು ವಕೀಲರು ವಿವರಿಸಬಲ್ಲರು. ವಿವರಿಸಲಿ.

ಕಡತ ಕಾಂಗ್ರೆಸ್ಸಿಗೆ ಹೋಯಿತಲ್ಲ, 2025ರ ಜನವರಿ 6ರಂದು ಅಲ್ಲಿ ಮತ ಎಣಿಸಿದರು. ಟ್ರಂಪ್ ಎದುರು ಸೋತ ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರೇ ಪೀಠದಲ್ಲಿದ್ದು ಫಲಿತಾಂಶ ಓದಿದರು. ಒಂದೇ ಒಂದು ಆಕ್ಷೇಪಣೆ ಬರಲಿಲ್ಲ. ತಾವು ಅಂದು ರಜೆಯಲ್ಲಿದ್ದಿರೋ?

ಇಂತಿ,
ಉತ್ತರದ ನಿರೀಕ್ಷೆಯಿಲ್ಲದ ಓದುಗ